ಒಬ್ಬರಿಗೆ ಟಿಕೆಟ್ಟು

ವರ್ಷಕ್ಕೆ ಇನ್ನೂರು ಹೊಲಿಗೆ ಮಿಷನ್ನು ಮಾರಿದ ಡೀಲರಿಗೆ
ಕಂಪನಿ ಕೊಟ್ಟದ್ದು ಒಂದೇ ಟಿಕೆಟ್ಟು.
ಆ ವಾರವೆಲ್ಲ ಅಂಗಡಿ ಕಾದವಳು ನಾನು.
ಬಾಬಿನ್ನು, ಬೆಲ್ಟು, ಹದಿನಾರನೇ ನಂಬರಿನ ಸೂಜಿ,
ಉದ್ರಿ ಪುಸ್ತಕ.

ಬಂದು ಹತ್ತು ತಿಂಗಳು.
ಕಸ್ತೂರಬಾ ರಸ್ತೆಯ ಈ ಹತ್ತಡಿ ಅಂಗಡಿಗೆ
ಮಿಷನ್ನಿಗೆ ಎಣ್ಣೆ ಬಿಡಿಸಲು ಬಂದವರೆಲ್ಲ
ಜಪಾನು ನೋಡಿಕೊಂಡೇ ಹೋಗಬೇಕು.
'ಫ್ಯಾಕ್ಟರಿ ಬಿಡಿ, ಅದು ಕೆಲಸ.
ನಮಗೆ ಅಂತ ಕೊಟ್ಟದ್ದು ಒಂದು ದಿನ, ಭಾನುವಾರ'
ಎನ್ನುತ್ತ ಇವರು ಸ್ಕ್ರೂಡ್ರೈವರು ಕಿವಿಗೆ ಸಿಕ್ಕಿಸಿದರೆ
ನಾನು ಲೆಕ್ಕಕ್ಕೆ ತಲೆ ಬಗ್ಗಿಸುತ್ತೇನೆ.

ಬೆಳಗ್ಗೆ ಗುಡಿ. ಬಾಗಿಲಲ್ಲಿ ಕೆಂಪು ಲಾಂದ್ರ.
ಮೊದಲ ತಿಂಗಳು ಅದು ಆಟೋದಷ್ಟಿತ್ತು,
ಯುಗಾದಿ ಹೊತ್ತಿಗೆ ಟೆಂಪೋ ಆಯಿತು,
ಈಗ ಅರಸೀಕೆರೆ ಬಸ್ಸನ್ನೇ
ಎತ್ತಿ ತೂಗುಹಾಕಿದ ಹಾಗಿದೆ.

ಮರದ ಸೌಟಿನಲ್ಲಿ ನೀರು. ಎಡಗೈ ಮೊದಲು, ಆಮೇಲೆ ಬಲಗೈ.
ಒಳಗೆ ಬುದ್ಧ.
'ಥೇಟು ನಮ್ಮ ತೀರ್ಥಂಕರರೇ ಕಣ್ರೀ, ಅದೇ ಪದ್ಮಾಸನ,
ಬಟ್ಟೆ ಉಟ್ಟಿದ್ದಾನೆ, ಅಷ್ಟೆ.'
ಪಾಪ, ಅಲ್ಲಿ ಚಳಿಯಲ್ಲವೇ, ಅನ್ನುತ್ತೇನೆ ನಾನು.
ಆಗೊಮ್ಮೆ ಮಾತ್ರ ಜನ ನನ್ನ ಕಡೆ ತಿರುಗುತ್ತಾರೆ.

ಮಧ್ಯಾಹ್ನ ಪಾರ್ಕಿನ ಬೆಂಚು, ಅಂಟಂಟು ಅನ್ನ,
ನಾನು ಕಟ್ಟಿಕೊಟ್ಟ ಬೆಳ್ಳುಳ್ಳಿಯಿಲ್ಲದ ಚಟ್ನಿಪುಡಿ.
ಕಾಗೆಗಳು ಮಾತ್ರ ನಮ್ಮವೇ, ಸ್ವಲ್ಪ ದಪ್ಪ.

ಸಂಜೆ ಗೋಪುರ. ಲಿಫ್ಟು ಏರುವಾಗ ಕಿವಿ ಟಪ್ಪೆಂದಿತು.
ಬೆಳಗೊಳದ ಆರುನೂರು ಚಿಲ್ಲರೆ ಮೆಟ್ಟಿಲನ್ನು
ಮಂಡಿ ಹಿಡಿದುಕೊಂಡು ಹತ್ತಿದ ಮನುಷ್ಯ
ಮೋಡದ ಎತ್ತರದಲ್ಲಿ ಬೆವರದೆ ನಿಂತು
'ಪುಣ್ಯ ಬಂದ ಹಾಗೆ ಅನ್ನಿಸುತ್ತಿಲ್ಲ' ಎಂದರಂತೆ.
ಯಾರಿಗೆ ಎಂದರು?
ಅದನ್ನು ಇದುವರೆಗೆ ಯಾರೂ ಕೇಳಿಲ್ಲ.

ಕೆಳಗೆ ಚೌಕ. ದೀಪ ಹಸಿರಾದದ್ದೇ ಸಾವಿರ ಜನ
ಎಂಟು ದಿಕ್ಕಿನಿಂದ ನುಗ್ಗಿ, ಭುಜಕ್ಕೆ ಭುಜ ತಾಗದೆ ದಾಟಿದರು.
'ಅದೇ ನಮ್ಮ ಎನ್.ಆರ್. ಸರ್ಕಲ್ಲಿನಲ್ಲಿ...'
ಮುಂದಿನದನ್ನು ಗಿರಾಕಿಗಳೇ ಹೇಳುತ್ತಾರೆ.

ಗುಡಿಯಲ್ಲಿ ಡಬ್ಬಿ ಅಲ್ಲಾಡಿಸಿ ತೆಗೆದ ಭವಿಷ್ಯದ ಚೀಟಿ
ಮೇಜಿನ ಗಾಜಿನ ಕೆಳಗಿತ್ತು,
ಪದ್ಮಾವತಿ ಅಮ್ಮನವರ ಫೋಟೋದ ಪಕ್ಕ.
ಒಂದಕ್ಷರ ತಿಳಿಯದಿದ್ದರೂ
ಇವರು ದಿನಾ ಗಾಜು ಒರೆಸುತ್ತಿದ್ದರು.

ಇವರು ಬ್ಯಾಂಕಿಗೆ ಹೋಗಿದ್ದ ಒಂದು ಮಧ್ಯಾಹ್ನ
ನರ್ಸಿಂಗ್ ಓದಿ ಜಪಾನಿಗೆ ಹೊರಟಿದ್ದ ತಬಸ್ಸುಮ್
ತಾಯಿಯ ಮಿಷನ್ನಿಗೆ ಬಾಬಿನ್ ಕೇಸು ಕೇಳುತ್ತ
ಗಾಜಿನ ಮೇಲೆ ಬಗ್ಗಿ, ತುಟಿಯಲ್ಲೇ ಕೂಡಿಸಿ ಕೂಡಿಸಿ ಓದಿದಳು.
'ಆಂಟಿ, ಇದು ಕೆಟ್ಟದ್ದು.
ಕೆಟ್ಟದ್ದು ಬಂದರೆ ಅಲ್ಲೇ ತಂತಿಗೆ ಕಟ್ಟಿ ಬರಬೇಕಂತೆ.
ಕಳೆದದ್ದು: ತಡವಾಗಿ ಸಿಗುತ್ತದೆ.
ಮನೆ ಬದಲಿಸುವುದು: ಬೇಡ.
ಪ್ರಯಾಣ: ಜೊತೆಗೆ ಒಬ್ಬರಿದ್ದರೆ ಒಳ್ಳೆಯದು.'

ನಾನು ಯಾಕೆ ಅಷ್ಟು ನಕ್ಕೆನೆಂದು ಹುಡುಗಿಗೆ ತಿಳಿಯಲಿಲ್ಲ.
ಬಾಬಿನ್ ಕೇಸಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯಿತು.
ನಾಲ್ಕು ಗಂಟೆ ಸಾಲು.
ಮುಂದಿನವಳ ಮುಷ್ಟಿಯಲ್ಲೊಂದು ಕಾಗದ, ಹಿಂದಿನವಳದರಲ್ಲೊಂದು:
ಮಗ ಪಾಸಾಗಲಿ, ಅತ್ತೆಗೆ ಬುದ್ಧಿ ಬರಲಿ,
ಸೈಟಿನ ತಕರಾರು ಮುಗಿಯಲಿ.
ನಾನೂ ಹುಂಡಿಗೆ ಹಾಕಿದೆ.
ನನ್ನದೆಂದು ಏನೂ ಬರೆಯಲಿಲ್ಲ.
ಇವರದನ್ನೇ ನಾಲ್ಕು ಮಡಿಕೆ ಮಾಡಿ ಬಿಟ್ಟೆ.
ಕಟ್ಟಲು ಅಲ್ಲಿ ತಂತಿ ಇರಲಿಲ್ಲ.

ಎಣಿಕೆಗೆ ಕೂತವರು ಹಿಂದೆ ಮುಂದೆ ತಿರುಗಿಸಿ ನೋಡಿ
ವಿದೇಶಿ ನೋಟಿನ ಕಟ್ಟಿಗೆ ಸೇರಿಸಿದರಂತೆ!
ಬ್ಯಾಂಕಿನ ಕ್ಯಾಷಿಯರು ಬಂದು ಅಂಗಡಿಯಲ್ಲೇ ಹೇಳಿದರು.
ಇವರೂ ಕೇಳಿ ಹೊಟ್ಟೆ ಹಿಡಿದು ನಕ್ಕರು.
ನಗು ಅರ್ಧಕ್ಕೇ ನಿಂತಿತು.

ಗಾಜು ಎತ್ತಿದರು. ಎರಡು ಡ್ರಾಯರು. ಕಸದ ಬುಟ್ಟಿ.
ಆಮೇಲೆ ನನ್ನ ಮುಖ.

ನಾನು ಸೂಜಿ ಎಣಿಸುತ್ತಿದ್ದೆ.
'ತಡವಾಗಿ ಸಿಗುತ್ತದೆ' ಎಂದೆ.