ಮೂರೂ ನಾಲ್ಕೂ ಸೇರಿದರೆ

ರುಸ್ತಾವಿಯಲ್ಲಿ ಆ ಚಳಿಗಾಲ ಕರೆಂಟು ಬರುತ್ತಿದ್ದದ್ದು
ನೆಂಟರ ಹಾಗೆ, ಹೇಳದೆ ಕೇಳದೆ,
ಬಂದರೂ ಕೂರದೆ.
ಉಕ್ಕಿನ ಕಾರ್ಖಾನೆಯ ಚಿಮಣಿಗಳಿಗೆ ಹೊಗೆ ಮರೆತುಹೋಗಿತ್ತು.
ಐದನೇ ಮಹಡಿಯಲ್ಲಿ, ಸೀಮೆಎಣ್ಣೆ ಒಲೆಯ ಪಕ್ಕ,
ಕೋಟು ಬಿಚ್ಚದೆ ಕೂತು
ತ್ಸಿಯಾಲಾ ಮಾಸ್ ನನಗೆ ವಿದ್ಯುತ್ತು ಕಲಿಸಿದರು.

ನಗಬೇಡಿ. ನಾನಾಗಲೇ ನಕ್ಕು, ಬೈಸಿಕೊಂಡಾಗಿದೆ.

ಮೇಜಿನ ಮೂಲೆಗೆ ಒಂದು ಗುಂಡಿ, ಅವರ ಕೋಟಿನಿಂದಲೇ ಉದುರಿದ್ದು:
ಅದು ಒಂದು ಮೈಕ್ರೋಕೂಲಂಬ್.
ಒಲೆಯ ಕಡೆಗೆ ಮೂವತ್ತು ಸೆಂಟಿಮೀಟರ್ ಅಳೆದು ಒಂದು ಅಕ್ರೋಟು: ಮೂರು.
ಕಿಟಕಿಯ ಕಡೆಗೆ ಅಷ್ಟೇ ದೂರ ಇನ್ನೊಂದು: ನಾಲ್ಕು.
"ಎಲ್ಲ ಧನ," ಅಂದರು.
"ಈ ಮನೆಯಲ್ಲಿ ಸದ್ಯ ಧನ ಅನ್ನುವಂಥದ್ದು ಇವೇ.
ಗುಂಡಿಯ ಮೇಲೆ ಒಟ್ಟು ಬಲ ಎಷ್ಟು ಹೇಳು, ಗೋಚಾ."

ಒಂದು ಸಲಕ್ಕೆ ಇಬ್ಬರನ್ನೇ ನೋಡಬೇಕಂತೆ.
ಒಲೆಯ ಕಡೆಯದನ್ನು ಲೆಕ್ಕ ಹಾಕುವಾಗ
ಕಿಟಕಿಯ ಕಡೆಯದು ಹುಟ್ಟೇ ಇಲ್ಲ ಅಂದುಕೊಳ್ಳಬೇಕಂತೆ.
ದೂರವನ್ನು ದೂರದಿಂದಲೇ ಗುಣಿಸಿ, ಬಂದದ್ದರಿಂದ ಭಾಗಿಸು.
ದೂರ ಎರಡರಷ್ಟಾದರೆ ಬಲ ಕಾಲು ಪಾಲು.
"ಸೊನ್ನೆ ಆಗಲ್ಲ. ಎಷ್ಟು ದೂರ ಹೋಗಲಿ,
ಸೊನ್ನೆ ಮಾತ್ರ ಆಗಲ್ಲ."
ಎರಡನೇ ಸಲ ಅಂದಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಒಂಬತ್ತರ ಮುಂದೆ ಒಂಬತ್ತು ಸೊನ್ನೆ.
ಬ್ರೆಡ್ಡಿನ ಸಾಲಿನಲ್ಲಿ ಸೊನ್ನೆ ಎಣಿಸಿ ರೂಢಿ ಇತ್ತು ನಮಗೆ,
ಬೆರಳು ಮರಗಟ್ಟಿದ್ದೊಂದೇ ಕಷ್ಟ.
ಒಂದಕ್ಕೆ ಪಾಯಿಂಟ್ ಮೂರು ನ್ಯೂಟನ್ ಬಂತು,
ಇನ್ನೊಂದಕ್ಕೆ ಪಾಯಿಂಟ್ ನಾಲ್ಕು.
ಕೂಡಿದೆ. ಪಾಯಿಂಟ್ ಏಳು. ಕೆಳಗೆ ಎರಡು ಗೆರೆ ಎಳೆದೆ.

ಅವರು ಹೊಡೆದುಹಾಕಲಿಲ್ಲ.
"ಏಳು," ಅಂದರು. ಉತ್ತರವೋ ಅಪ್ಪಣೆಯೋ ತಿಳಿಯದೆ
ಎದ್ದು ನಿಂತೆ.
ಕಪಾಟಿನ ಕಡೆ ಮೂರು ಹೆಜ್ಜೆ ನಡೆಸಿದರು,
ಅಲ್ಲಿಂದ ಬಾಗಿಲ ಕಡೆ ನಾಲ್ಕು.
ಸ್ವೆಟರಿನಿಂದ ಬಿಚ್ಚಿಟ್ಟ ನೂಲನ್ನು ಹೊರಟ ಜಾಗದಿಂದ ನನ್ನ ಕಾಲಿಗೆ ಎಳೆದು
ಹೆಜ್ಜೆಯಲ್ಲಿ ಅಳೆದರು.
ಐದು.

"ಮಿಕ್ಕ ಎರಡು ಎಲ್ಲಿ ಹೋಯಿತು ಮಾಸ್?"
"ಎಲ್ಲಿಗೂ ಹೋಗಲಿಲ್ಲ. ಒಂದೇ ಕಡೆ ತಳ್ಳಿದ್ದರೆ ಏಳು,
ಎದುರುಬದುರಾದರೆ ಒಂದು.
ಬಲಕ್ಕೆ ದಿಕ್ಕು ಅನ್ನೋದು ಉಂಟು ಮಗು,
ಅದೇನು ಕೂಪನ್ ನೋಟೇ, ಕಟ್ಟಿ ಎಣಿಸೋದಕ್ಕೆ?"

ಆಮೇಲೆ ಡಬ್ಬಿಯಿಂದ ಮೂರನೆಯ ಅಕ್ರೋಟು ತೆಗೆದರು.
ಮೂರೂ ಸಮ, ಮೂರು ಮೂಲೆಗೆ ಮೂರು,
ಸರಿಯಾಗಿ ನಡುವೆ ಗುಂಡಿ.
ಒಳಕೋಣೆಯಲ್ಲಿ ಸುಖುಮಿಯಿಂದ ಓಡಿಬಂದ ಅಣ್ಣನ ಸಂಸಾರ ಕೆಮ್ಮುತ್ತಿತ್ತು.
ಸರಾತೊವ್‌ನಿಂದ ಮಗಳು ಬರೆದ ಕಾಗದ
ಒಡೆದ ಗಾಜಿಗೆ ಅಂಟಿಕೊಂಡು ಗಾಳಿ ತಡೆಯುತ್ತಿತ್ತು.

ನಾನು ಬಾಣ ಬರೆದೆ. ಒಂದನ್ನೊಂದು ತಿಂದುಕೊಂಡವು.
"ಸೊನ್ನೆ. ಗುಂಡಿಗೆ ಏನೂ ಆಗ್ತಾ ಇಲ್ಲ."
"ಸೊನ್ನೆ ಸರಿ. ಏನೂ ಆಗ್ತಾ ಇಲ್ಲ ಅಂತ ಯಾರಂದರು?
ಮೂರು ಕಡೆಯಿಂದ ಒತ್ತಿಸಿಕೊಂಡು ಕೂತಿದೆ ಅದು."
"ಒಂಚೂರು ತಳ್ಳಿದರೆ?"
"ಮೇಜಿನ ಮೇಲೆ ಎತ್ತ ತಳ್ಳಿದರೂ ಮಧ್ಯಕ್ಕೇ ಬರುತ್ತೆ.
ಮೇಲಕ್ಕೆ ಕೂದಲೆಳೆಯಷ್ಟು ಎತ್ತಿ ನೋಡು,
ಆಮೇಲೆ ಅದು ನಿನ್ನದಲ್ಲ."

ಅಷ್ಟರಲ್ಲಿ ಬಂತು.
ಇಡೀ ಕಟ್ಟಡ ಒಂದೇ ಬಾಯಲ್ಲಿ ಕೂಗಿತು.
ಫ್ರಿಜ್ಜು ನಡುಗಿತು, ಯಾರದೋ ಟಿವಿ ವಾಕ್ಯದ ನಡುವಿನಿಂದ ಮಾತಾಡಿತು,
ಅತ್ತಿಗೆ ಹಿಟ್ಟಿನ ಬೋಗುಣಿ ಹಿಡಿದು ಒಲೆಗೆ ಓಡಿದಳು.
ಮಾಸ್ ಬಲ್ಬಿನ ಕಡೆ ತಲೆಯೆತ್ತಲಿಲ್ಲ.
"ಬರಿ. ಮಾನ ಮರೀಬೇಡ."
ಸೊನ್ನೆ ನ್ಯೂಟನ್ ಅಂತ ಬರೆದೆ.

ಮೂರು ಮೈಕ್ರೋಕೂಲಂಬಿನ ಅಕ್ರೋಟನ್ನು
ಬಾಗಿಲ ಸಂದಿಗಿಟ್ಟು ಒಡೆದು ಅರ್ಧ ನನಗೆ ಕೊಟ್ಟರು.
ಕಹಿ ಇತ್ತು, ಹಳೆಯದು. ತಿಂದೆ.
ಉಳಿದೆರಡು ಡಬ್ಬಿಗೆ ಹೋದವು.
ಗುಂಡಿಯನ್ನು, ಬೆಳಕಿರುವಷ್ಟರಲ್ಲೇ ಅಂತ,
ಕೋಟಿಗೆ ಹೊಲಿದುಕೊಂಡರು. ಅದೇ ನೂಲು.
ಸೂಜಿಗೆ ಪೋಣಿಸಿಕೊಟ್ಟವನು ನಾನು.