ಭಟ್ಟಿ ಗೋಡೆ

ಹಾಸ್ಟೆಲ್ ಬಿಟ್ಟ ಡಾಕ್ಟರ್ ಹುಡುಗ
ಗಾಜಿನ ಪೆಟ್ಟಿಗೆ ಸಮೇತ ಕೊಟ್ಟು ಹೋದ:
ಐದು ವರ್ಷದ ಗಡ್ಡದ ಓತಿ.
ಹೆಸರಿತ್ತಂತೆ, ಕೇಳಲು ಮರೆತೆ.

ಮೂರು ದಿನ ಹುಳ ಮುಟ್ಟಲಿಲ್ಲ.
ಕಲ್ಲಿನ ಹಿಂದೆ ಕಪ್ಪಾಗಿ ಕೂತಿತ್ತು.
ಮಹಬೂಬಿ ಇಣುಕಿ,
‘ಬೇಲಿಯೇ ಇಲ್ಲ, ಇದಕ್ಕೆ ಸಾಕ್ಷಿ ಯಾರೇ?’ ಅಂದಳು.

ಎದುರಿನ ಗಾಜಿಗೆ ಮಂಡಕ್ಕಿ ಚೀಲ ಹೊದಿಸಿದೆ.
ಬಲ್ಬನ್ನು ಗೇಣುದ್ದ ಇಳಿಸಿದೆ.
ಮುಟ್ಟಲಿಲ್ಲ.
ಮುಟ್ಟದೇ ಇರುವುದೇ ದೊಡ್ಡ ಕೆಲಸ.

ಇವತ್ತು ನಸುಕಿಗೆ ಆಚೆ ಭಟ್ಟಿ ಹೊತ್ತಿತು,
ಹಿಂಗೋಡೆ ಬಿಸಿಯಾಯಿತು.
ಚೀಲ ಸರಿಸಿದರೆ
ಗೋಡೆಕಡೆಯ ಗಾಜಿಗೆ ಹೊಟ್ಟೆ ಒತ್ತಿ ಮಲಗಿದೆ,
ಒಂದು ಕಣ್ಣು ಮುಚ್ಚಿ,
ಇನ್ನೊಂದರಲ್ಲಿ ನನ್ನ ಲೆಕ್ಕ ಬರೆಯುತ್ತ.

ದಾವಣಗೆರೆಯ ಮೊದಲ ಚಳಿಯಲ್ಲಿ
ನಾನೂ ಇದೇ ಗೋಡೆಗೆ ಬೆನ್ನು ಕೊಟ್ಟಿದ್ದೆ.
ಆಗ ಯಾರೂ
ಬಲ್ಬು ಇಳಿಸಿರಲಿಲ್ಲ.