ಅಜ್ಜಿಯ ಎಡಗಾಲು

ಅಕ್ಟೋಬರಿನ ಕೊನೆಯ ದಿನ.
ಹೊರಗಿನವರಿಗೆ ಹ್ಯಾಲೋವೀನ್, ನಮ್ಮ ಮ್ಯಾನ್ ದ್ವೀಪಕ್ಕೆ ಹಾಪ್ ತು ನಾ.
ನನ್ನ ಮನೆಯಲ್ಲಿ ಒಲೆಯಿಲ್ಲ, ಗೋಡೆಗೆ ಮೊಳೆ ಹೊಡೆದ ಹೀಟರ್.
ಅದಕ್ಕೇ ಬೂದಿ ಸಾಲ ಕೇಳಲು
ಬಂದರಿನ ಹಿಂದೆ ಮೀನಿಗೆ ಹೊಗೆ ಹಾಕುವ ಕಾರ್ಲೆಟ್ಟನ ಹತ್ತಿರ ಹೋದೆ.
"ಏನು ಟೀಚರಮ್ಮ, ಈ ವರ್ಷವೂ ದೆವ್ವಕ್ಕೆ ಹಾಸಿಗೆಯೇ?"
ನಗುತ್ತಾ ಓಕ್ ಬೂದಿ ಒಂದು ಬಕೆಟ್ಟು ತುಂಬಿಸಿದ.
ಮೂಟೆಯ ಹಿಂದೆ ಏನೋ ಓಡಿತು.
"ಉದ್ದಬಾಲ," ಅಂದ ಮೆತ್ತಗೆ.
ಇಲಿ ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ.
ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದೆ.

ಶಾಲೆಯಲ್ಲಿ ಬೆಳಗ್ಗೆಯಿಂದ ಟರ್ನಿಪ್ ಕೊರೆತ.
ಕುಂಬಳಕಾಯಿ ಮೆದು, ಹೇಳಿದ ಮಾತು ಕೇಳುತ್ತದೆ.
ಟರ್ನಿಪ್ಪಿಗೆ ಕಲ್ಲಿನ ಹಟ;
ಮೂರು ಚಮಚ ಬಾಗಿದವು, ಫಿನ್ಲೋನ ಹೆಬ್ಬೆರಳಿಗೆ ಬ್ಯಾಂಡೇಜು.
ಆದರೆ ಒಳಗೊಂದು ಮೇಣದಬತ್ತಿ ಇಟ್ಟರೆ
ಮುಖ ಬೆಂದು, ಸುಕ್ಕಾಗಿ, ಹಲ್ಲು ಒಳಸರಿದು,
ಸತ್ತವರು ಎದ್ದು ಬಂದು ನೀರು ಕೇಳಿದ ಹಾಗೆ.

ಗೋಡೆಯ ತುಂಬ ಭಯ ಅಂಟಿಸಿದ್ದೆವು.
ಚರ್ಚಿನ ಸೂರು ಕಿತ್ತೆಸೆಯುವ ಬಗೇನ್, ಮೈತುಂಬ ಕರಿಯುಣ್ಣೆ:
ಬೇಲಿಯ ಮುಳ್ಳಿನಿಂದ ಬಿಡಿಸಿ ತಂದದ್ದು, ಇನ್ನೂ ಕುರಿಯ ನಾತ.
ಕೋಟೆಯ ಕಾವಲುಕೋಣೆಯಲ್ಲಿ ಬೆಂಕಿ ಕಾಯಿಸಿಕೊಳ್ಳುವ ಕರಿನಾಯಿ.
ಅದಕ್ಕೆ ಓರಿ ಕಣ್ಣು ಬರೆದಿರಲಿಲ್ಲ.
"ಬರೆದ್ರೆ ನನ್ ಕಡೆ ನೋಡತ್ತೆ ಮಿಸ್."
ಹತ್ತಕ್ಕೆ ಹತ್ತು ಕೊಟ್ಟೆ.
"ನೀವೇನು ಬರೀತೀರಿ?" ಎಂದಳು ಬ್ಲಾನಿಡ್.
ನನ್ನ ಹಾಳೆ ಖಾಲಿಯಿತ್ತು.

ಹಳೆಯ ಕ್ರಮ ಹೀಗೆ: ಒಲೆ ಆರಿದ ಮೇಲೆ
ಬೂದಿಯನ್ನು ನೆಲಕ್ಕೆ ತೆಳ್ಳಗೆ ಹರಡಿ ಎಲ್ಲರೂ ಮಲಗಬೇಕು.
ಬೆಳಗ್ಗೆ ಅದರಲ್ಲೊಂದು ಹೆಜ್ಜೆ ಮೂಡಿದ್ದರೆ,
ಬೆರಳು ಒಳಮುಖವಾದರೆ ತೊಟ್ಟಿಲು,
ಬಾಗಿಲ ಕಡೆಗಾದರೆ ಹೆಣದ ಪೆಟ್ಟಿಗೆ.
ಇಷ್ಟೇ. ಮೇಲ್ಮನವಿಯಿಲ್ಲ.

ನನಗೆ ಆಗ ಆರು ವರ್ಷ. ಗಂಟಲಲ್ಲಿ ಕೆಂಡ,
ಡಾಕ್ಟರು ಟೋಪಿ ಕೈಯಲ್ಲಿ ಹಿಡಿದು
ಹೊಸ್ತಿಲಾಚೆ ಅಮ್ಮನ ಜೊತೆ ಪಿಸುಮಾತು.
ಆದರೂ ಬೂದಿ ಹರಡಿದರು.
ಹರಡದಿದ್ದರೆ ಹೆದರಿದೆವೆಂದು ಒಪ್ಪಿಕೊಂಡಂತೆ.
ನಡುರಾತ್ರಿ ನೀರಡಿಸಿ ಎದ್ದೆ.
ಬಾಗಿಲ ಸಂದಿಯಲ್ಲಿ ಬಿಳಿ ನಿಲುವಂಗಿ, ಬಿಚ್ಚಿದ ಕೂದಲು.
ದೆವ್ವವೇ ಸರಿ ಅಂದುಕೊಂಡೆ.
ಆ ದೆವ್ವ ಮೇಜು ಹಿಡಿದು, ನರಳಿ, ಕಾಲುಚೀಲ ಕಳಚಿ
ಎಡಗಾಲನ್ನು ಬೂದಿಯ ಮೇಲಿಟ್ಟಿತು,
ಬೆರಳು ಬಾಗಿಲಿಗೆ ನೇರ.
ಒತ್ತಿತು. ನಾದಿದ ಹಿಟ್ಟನ್ನು ಒತ್ತುವ ಹಾಗೆ.

ಬೆಳಗ್ಗೆ ಮನೆಯೆಲ್ಲ ಗಪ್‌ಚುಪ್.
ಹೆಬ್ಬೆರಳ ಬುಡದಲ್ಲಿ ಈರುಳ್ಳಿಯಷ್ಟು ಗಂಟು,
ಕಿರುಬೆರಳಿನ ಜಾಗ ಖಾಲಿ, ದೋಣಿಯ ಸರಪಳಿಗೆ ಸಿಕ್ಕಿ ಹೋದದ್ದು.
ಆ ಕಾಲು ಯಾರದೆಂದು ಬೆಕ್ಕಿಗೂ ಗೊತ್ತು.
"ನಂದೇ," ಅಂದಳು ಅಜ್ಜಿ ಕ್ಯಾಲಿಬ್ರಿಡ್, ಚಹಾ ಊದುತ್ತಾ.
"ಬರುವವರಿಗೆ ವಿಳಾಸ ತಪ್ಪಬಾರದು."

ಭಾನುವಾರ ನನ್ನ ಜ್ವರ ಇಳಿಯಿತು.
ಅಜ್ಜಿ ಆಮೇಲೆ ಹದಿಮೂರು ವರ್ಷ ಬದುಕಿದಳು,
ಪ್ರತಿ ಅಕ್ಟೋಬರಿನಲ್ಲೂ ಬೂದಿಯನ್ನು ಬೈಯುತ್ತಾ:
"ಸಹಿ ಹಾಕಿಕೊಟ್ಟರೂ ಬರದ ಸೋಮಾರಿಗಳು!"

ಈ ರಾತ್ರಿ ನೆಲಕ್ಕೆ ಕಪ್ಪು ಹಾಳೆ ಹಾಸಿ, ಅಂಟು ಬಳಿದು,
ಕಾರ್ಲೆಟ್ಟನ ಬೂದಿಯನ್ನು ಜರಡಿಯಲ್ಲಿ ಉದುರಿಸಿದೆ.
ಮೀನಿನ ವಾಸನೆಗೆ ನನ್ನ ಬಾಲವಿಲ್ಲದ ಬೆಕ್ಕು ಬಂದು
ಮೂರು ಸುತ್ತು ಹಾಕಿ, ಸೀನಿ, ಹೊರಟುಹೋಯಿತು.
ಒಳಗೆ ಬಂದದ್ದೋ ಹೊರಗೆ ಹೋದದ್ದೋ ತಿಳಿಯದ ಹೆಜ್ಜೆ.
ಅವುಗಳ ನಡುವೆ ಬೆರಳಿನಿಂದ ಬರೆದೆ:
ಹಿಮ್ಮಡಿ, ಅಂಗಾಲಿನ ಕಮಾನು, ಗಂಟು, ನಾಲ್ಕು ಬೆರಳು.

ಮಾರನೆಯ ದಿನ ತರಗತಿಯಲ್ಲಿ ಹಾಳೆ ನೆಲದ ಮೇಲೆ.
ಓರಿ ಶೂ ಬಿಚ್ಚಿ, ಪಕ್ಕದಲ್ಲಿ ಕಾಲಿಟ್ಟು
ಬಹಳ ಹೊತ್ತು ಅಳತೆ ನೋಡಿದ.
"ದೆವ್ವ ಎಲ್ಲಿ ಮಿಸ್? ಬರೀ ಕಾಲಿದೆ."
ಮತ್ತೆ ಎಣಿಸಿದ.
"ಅದೂ ಒಂದು ಬೆರಳು ಕಮ್ಮಿ."